ಆರು ಸಲ ಬೇಡ ಅಂದವನು

“ಈ ಅಜ್ಜಿಯನ್ನ ನಾವು ಒಳಗೆ ಬಿಡೋಕಾಗಲ್ಲ ಮೇಡಂ.”

ಮೇಜಿನ ಆಚೆ ಕೂತವನು ಇಷ್ಟು ಹೇಳಿ, ಸಾಲಿನ ಕೆಳಗೆ ಹಿಡಿದಿದ್ದ ಮರದ ಸ್ಕೇಲನ್ನು ಇನ್ನೊಂದು ಸಾಲು ಕೆಳಗೆ ಸರಿಸಿದ. ತಲೆ ಎತ್ತುವ ಸೌಜನ್ಯವೂ ಇಲ್ಲ!

ಅವಳಿಗೆ ಕೋಪ ನೆತ್ತಿಗೇರಿತು. ಎರಡು ಬಸ್ಸು ಬದಲಾಯಿಸಿ, ಲಿಫ್ಟ್ ಕೆಟ್ಟಿದ್ದರಿಂದ ಐದು ಮಹಡಿ ಹತ್ತಿ, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾದವಳಿಗೆ ಸಿಕ್ಕಿದ ಮೊದಲ ಮಾತು ಇದಾ?

“ಯಾಕೆ? ಅಜ್ಜಿ ನಿಮಗೇನು ಮಾಡಿದ್ಲು?”

“ಅಜ್ಜಿ ಏನೂ ಮಾಡಿಲ್ಲ. ಇಪ್ಪತ್ತೊಂದನೇ ಪುಟದಲ್ಲಿ ಒಂದು ಮಂತ್ರ ಹೇಳ್ತಾಳೆ. ಆ ಮಂತ್ರದ ಹೆಸರು ಕಂಪನಿಯದು. ಇನ್ನೂ ಆರು ಕಡೆ ಗುರುತು ಹಾಕಿದ್ದೀನಿ. ತಿದ್ದಿ ತನ್ನಿ.”

ಈಗ ಅವನು ತಲೆ ಎತ್ತಿದ.

ಅಯ್ಯೋ, ಆ ಕಣ್ಣುಗಳು... ಸುಂದರವಾಗಿದ್ದವು ಅಂದರೆ ಸುಳ್ಳಾಗುತ್ತದೆ. ದಣಿದಿದ್ದವು. ಬೆಳಗ್ಗೆ ಕನ್ನಡಿಯಲ್ಲಿ ಅವಳು ನೋಡಿಕೊಂಡು ಬಂದಿದ್ದಳಲ್ಲ, ಅದೇ ದಣಿವು. ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

“ಲೈಸೆನ್ಸ್ ಪೂರ್ತಿ ಓದಿದ್ರಾ ಮೇಡಂ?” ಅವನು ಮೆಲ್ಲಗೆ ಕೇಳಿದ.

ಮುಗೀತು! ನಿಂತಿದ್ದ ಬೈಗುಳ ಮತ್ತೆ ಹೊರಟಿತು.

“ರೀ ಸ್ವಾಮಿ, ಹದಿನಾಲ್ಕು ವರ್ಷದಿಂದ ನಿಯಮದ ಪುಸ್ತಕಗಳನ್ನ ಅರೆದು ಕುಡಿದಿದ್ದೀನಿ. ನನಗೆ ಓದೋದು ಹೇಳಿಕೊಡಬೇಡಿ!”

ಅವನು ಏನೋ ಹೇಳಲು ಬಾಯಿ ತೆರೆದ. ಗೋಡೆಯ ಮೇಲಿದ್ದ ಕ್ಯಾಮೆರಾವನ್ನು ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡ. ಅವಳು ಪುಸ್ತಕ ಎತ್ತಿಕೊಂಡು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟೇಬಿಟ್ಟಳು.

ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ. ಆ ಲೈಸೆನ್ಸ್ ಇದ್ದದ್ದು ಇಪ್ಪತ್ತೆರಡು ಪುಟ. ಇವಳು ಓದಿದ್ದು ನಾಲ್ಕು. ಮುಂದಿನ ರಗಳೆಗೆಲ್ಲ ಇದೇ ಮೂಲ.

*

ಮನೆಯಲ್ಲಿ ಅವಳನ್ನು ಗುಬ್ಬಿ ಅನ್ನುತ್ತಾರೆ. ವಯಸ್ಸು ಮೂವತ್ತನಾಲ್ಕಾದರೂ ಆ ಹೆಸರು ಬಿಟ್ಟಿಲ್ಲ. ಅವಳ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಚಿಕ್ಕಮ್ಮ ಮೂಗು ಮುರಿಯುತ್ತಾಳೆ. “ಆಟ ಬರೀತಾಳಂತೆ! ಆಟ ಆಡೋದು ಕೇಳಿದ್ದೆ, ಬರೆಯೋದು ಇವಳಿಂದಾನೇ ಕೇಳಿದ್ದು.”

ಆಟ ಅಂದರೆ ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನಾಗುತ್ತಾರೆ. ಕಳ್ಳ, ವೈದ್ಯೆ, ಮನೆ ಬಿಟ್ಟ ರಾಜಕುಮಾರ, ಯಾರು ಬೇಕಾದರೂ. ಬೀಗ ಒಡೆಯುತ್ತದೋ ಇಲ್ಲವೋ, ಏಟು ತಾಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದಾಗ ದಾಳ ಉರುಳಿಸಿ ನೋಡುತ್ತಾರೆ. ಆಟದ ಮೂಲ ನಿಯಮಗಳು ಒಂದು ದೊಡ್ಡ ಕಂಪನಿಯವು. ಅದರ ಮೇಲೆ ಹೊಸ ಕಥೆ, ಹೊಸ ಊರು, ಹೊಸ ಭೂತ ಕಟ್ಟಿ ಪುಸ್ತಕ ಮಾಡುವ ಸಣ್ಣ ಪ್ರಕಾಶಕರು ನೂರಾರು. ಅದರಲ್ಲೊಂದು ಈ ಅಕ್ಕ ತಂಗಿಯರದು. ತಂಗಿ ಬರೆಯುತ್ತಾಳೆ, ಅಕ್ಕ ಚಿತ್ರ ಬಿಡಿಸುತ್ತಾಳೆ.

“ನಮ್ಮ ನಿಯಮ ಬಳಸಿ, ನಿಮ್ಮ ಕಥೆ ಬರ್ಕೊಳ್ಳಿ” ಅಂತ ಕಂಪನಿ ಇಷ್ಟು ವರ್ಷ ಬಾಗಿಲು ತೆರೆದಿಟ್ಟಿತ್ತು. ಈ ವರ್ಷ ಅದಕ್ಕೆ ಏನು ಬಂತೋ, ಬಾಗಿಲು ಹಾಕಿಬಿಟ್ಟಿತು! ಇನ್ನು ಹೊರಗಿನವರ ಪ್ರತಿ ಪುಸ್ತಕವೂ ಲೈಸೆನ್ಸ್ ವಿಭಾಗಕ್ಕೆ ಹೋಗಬೇಕು. ಅಲ್ಲಿ ಒಬ್ಬರು ಸಾಲು ಸಾಲಾಗಿ ಓದಿ ಒಪ್ಪಿಗೆ ಮುದ್ರೆ ಒತ್ತಬೇಕು. ವರ್ಷದ ಕೊನೆಯೊಳಗೆ ಮುದ್ರೆ ಬೀಳದ ಪುಸ್ತಕವನ್ನು ದೊಡ್ಡ ಅಂಗಡಿಗಳು ಮುಟ್ಟುವುದಿಲ್ಲ.

ಹಗಲೆಲ್ಲ ಗುಬ್ಬಿಗೆ ಪ್ರೆಸ್ಸಿನಲ್ಲಿ ಶಾಲಾಪುಸ್ತಕಗಳ ಕರಡು ತಿದ್ದುವ ಕೆಲಸ. ಸಂಜೆ ಬಂದು ತನ್ನ ಪುಸ್ತಕ. ಮೈ ಹಣ್ಣಾಗಿಹೋಗಿತ್ತು. ಈ ಪುಸ್ತಕ ಬೇರೆಯದಾಗಿದ್ದರೆ ಅವಳು ಕೈಬಿಡುತ್ತಿದ್ದಳೋ ಏನೋ.

ಆದರೆ ಇದರಲ್ಲಿ ದೀಪದಜ್ಜಿ ಇದ್ದಳು.

ಅಕ್ಕನ ಬಲಗೈ ನಡುಗಲು ಶುರುವಾಗಿ ಎರಡು ವರ್ಷ. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಈಗ ಚಮಚ ಹಿಡಿದರೆ ಅರ್ಧ ಸಾರು ಮೇಜಿಗೆ. ಕೈ ಪೂರ್ತಿ ಮಾತು ಕೇಳದಾಗುವ ಮೊದಲು ಅವಳು ಬಿಡಿಸಿದ ಕೊನೆಯ ಚಿತ್ರಗಳು ದೀಪದಜ್ಜಿಯವು. ಹಾಳುಬಿದ್ದ ಗಣಿಯಲ್ಲಿ ದಾರಿ ತಪ್ಪಿದವರ ಮುಂದೆ ದೀಪ ಹಿಡಿದು ನಡೆಯುವ ಮುದುಕಿ. ಎಷ್ಟೋ ವರ್ಷದಿಂದ ನಡೆದು ನಡೆದು ಸಾಕಾಗಿರುವವಳು. ಸಿಕ್ಕವರನ್ನೆಲ್ಲ ಒಂದೇ ಮಾತು ಕೇಳುತ್ತಾಳೆ: “ಸ್ವಲ್ಪ ದೂರ ಹಿಡ್ಕೋತೀಯಾ?”

“ಯಾರ ಮುಖ ಅಕ್ಕಾ ಇದು?” ಅಂತ ಗುಬ್ಬಿ ಕೇಳಿದ್ದಳು.

“ನಂದೇ. ಮುದುಕಿ ಆದ್ಮೇಲೆ ಹೀಗಿರ್ತೀನಿ. ಆಗ ಬಿಡಿಸೋಕಾಗಲ್ವಲ್ಲ, ಈಗಲೇ ಬಿಡಿಸಿಟ್ಟೆ.”

ಗುಬ್ಬಿ ಆ ದಿನ ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅಕ್ಕನ ಕೈ ಪೂರ್ತಿ ನಿಲ್ಲುವ ಮೊದಲು ಅಚ್ಚಾದ ಪುಸ್ತಕವನ್ನು ಆ ಕೈಗೇ ಕೊಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

“ಹೇಗಿದ್ದ ಆ ಲೈಸೆನ್ಸಿನವನು?” ಅವತ್ತು ಸಂಜೆ ಅಕ್ಕ ಕೇಳಿದಳು.

“ಮನುಷ್ಯನಲ್ಲ, ಸ್ಕೇಲು! ಸ್ಕೇಲು ಇಟ್ಕೊಂಡು ಕಥೆ ಓದ್ತಾನೆ ಅಕ್ಕಾ! ಅಂಥವನಿಗೆ ಕಥೆ ಏನು ಗೊತ್ತಾಗುತ್ತೆ?”

“ಮದುವೆ ಆಗಿದ್ಯಾ ಆ ಸ್ಕೇಲಿಗೆ?”

“ಅಕ್ಕಾ!!”

*

ಎರಡನೇ ಸಲ ಹೋದಳು. ಬೇಡ ಅಂದ. ಪಾತ್ರಗಳ ಬಲ, ಚುರುಕು ಅಳೆಯುವ ಐದು ಗುಣಗಳ ಹೆಸರು ಬದಲಾಯಿಸಬೇಕಂತೆ.

ಮೂರನೇ ಸಲ ಹೋದಳು. ಬೇಡ ಅಂದ. ಮೂರು ಭೂತ, ಎರಡು ಆಯುಧ, ಒಂದು ನದಿ. ಆದರೆ ಈ ಸಲ ಬೆಂಚಿನ ಬದಲು ಅವನ ಮೇಜಿನ ಪಕ್ಕದಲ್ಲೇ ಒಂದು ಕುರ್ಚಿ ಬಂದಿತ್ತು. ಮೇಜಿನ ಮೇಲೆ ಒಂದು ಲೋಟ ಚಹಾ, ಸಾಸರು ಮುಚ್ಚಿಟ್ಟಿದ್ದ.

“ಐದು ಮಹಡಿ ಹತ್ತಿ ಬರ್ತೀರಲ್ಲ...” ಅಂದ, ತಪ್ಪು ಮಾಡಿದವನ ಹಾಗೆ.

ಗುಬ್ಬಿ ಮುಖ ಊದಿಸಿಕೊಂಡೇ ಚಹಾ ಕುಡಿದಳು. ಸುಡುಸುಡು ಚಹಾ ಗಂಟಲಲ್ಲಿ ಇಳಿದಾಗ, ಈ ತಿಂಗಳಲ್ಲಿ ಬೇರೆ ಯಾರಾದರೂ ತನಗೆ ಚಹಾ ಮಾಡಿಕೊಟ್ಟಿದ್ದರಾ ಅಂತ ಯೋಚಿಸಿದಳು. ನೆನಪಾಗಲಿಲ್ಲ.

“ಒಂದು ಮಾತು ಕೇಳ್ಲಾ? ಇದು ಆಫೀಸಿನ ಪ್ರಶ್ನೆ ಅಲ್ಲ,” ಅವನು ಸ್ಕೇಲು ಕೆಳಗಿಟ್ಟ. “ಅಜ್ಜಿ ದೀಪಕ್ಕೆ ಎಣ್ಣೆ ಯಾವತ್ತೂ ಮುಗಿಯಲ್ವಾ?”

“ಮುಗಿಯಲ್ಲ. ಅದೇ ಅವಳ ಕಷ್ಟ. ಬೇರೆ ಯಾರಾದರೂ ಹಿಡ್ಕೊಂಡ್ರೆ ಮಾತ್ರ ಅವಳಿಗೆ ಕೂರೋಕೆ ಆಗುತ್ತೆ. ಆದರೆ ದೀಪ ಹಿಡಿದವರು ಆ ಕೈಯಲ್ಲಿ ಕತ್ತಿ ಹಿಡಿಯೋಕಾಗಲ್ಲ. ಅದಕ್ಕೇ ಆಡೋರು ಯಾರೂ ತಗೊಳಲ್ಲ.”

“ನಾನಾಗಿದ್ರೆ ತಗೋತಿದ್ದೆ,” ಅಂದ ಅವನು. “ಚಿಕ್ಕವನಿದ್ದಾಗ ಈ ಆಟ ಅಂದ್ರೆ ಪ್ರಾಣ. ಜೊತೆಗೆ ಆಡೋಕೆ ಯಾರೂ ಇರಲಿಲ್ಲ. ಒಬ್ಬನೇ ಕೂತು ಪುಸ್ತಕ ಓದ್ತಿದ್ದೆ, ಒಬ್ಬನೇ ದಾಳ ಹಾಕ್ತಿದ್ದೆ. ಈ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ಪುಸ್ತಕ ಓದೋದೇ ಕೆಲಸ ಅಂದ್ಕೊಂಡೆ.” ನಗಲು ನೋಡಿದ, ಆಗಲಿಲ್ಲ. “ಬೇಡ ಅನ್ನೋದು ಕೆಲಸ ಅಂತ ಆಮೇಲೆ ಗೊತ್ತಾಯ್ತು.”

ಗುಬ್ಬಿ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟಳು. ‘ಛೆ, ಇವನಿಗೆ ಯಾಕೆ ಅಯ್ಯೋ ಅನ್ನಿಸ್ಬೇಕು ನನಗೆ?’ ಅಂತ ತನ್ನನ್ನೇ ಬೈದುಕೊಂಡಳು.

ನಾಲ್ಕನೇ ಸಲವೂ ಬೇಡ. ಆ ದಿನ ಅವನ ಕೆಲಸ ಮುಗಿಯುವ ಹೊತ್ತಾಗಿತ್ತು. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಅವಳ ಕೈಯಲ್ಲಿ ತಿದ್ದಿದ ಪ್ರತಿಗಳ ಭಾರದ ಡಬ್ಬ.

“ಕೊಡಿ, ಸ್ವಲ್ಪ ದೂರ ನಾನು ಹಿಡ್ಕೋತೀನಿ.”

ಅವನು ಅದನ್ನು ಬೇಕಂತಲೇ ಹೇಳಿದನೋ, ಬಾಯಿಗೆ ಬಂದದ್ದೋ! ಅವಳು ಡಬ್ಬ ಕೊಟ್ಟಳು. ಖಾಲಿಯಾದ ತೋಳುಗಳು ಎಷ್ಟು ಹಗುರ ಅನ್ನಿಸಿದವೆಂದರೆ ಅವಳಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ನಿದ್ದೆ ಮಾಡಿಬಿಡೋಣ ಅನ್ನಿಸಿತು. ಐದು ಮಹಡಿ ಹತ್ತುವಾಗ ಉದ್ದವಾಗಿದ್ದ ಮೆಟ್ಟಿಲು ಇಳಿಯುವಾಗ ಯಾಕಿಷ್ಟು ಬೇಗ ಮುಗಿಯಿತು?

“ಮೇಡಂ, ಆ ಲೈಸೆನ್ಸ್ ಪೂರ್ತಿ...”

“ಮತ್ತೆ ಅದೇ! ನೀವು ನನ್ನನ್ನ ಏನಂತ ತಿಳ್ಕೊಂಡಿದ್ದೀರಾ? ನನ್ನ ಮೇಜಿನಲ್ಲಿ ನಿಯಮ ಓದದೆ ಆಡೋಕೆ ಬಂದವರನ್ನ ಎಬ್ಬಿಸಿ ಕಳಿಸಿದ್ದೀನಿ ನಾನು!” ನಕ್ಕಳು. ಅವನು ನಗಲಿಲ್ಲ. ಅಷ್ಟರಲ್ಲಿ ಅವನ ಮೇಲಧಿಕಾರಿ ಹಿಂದಿನಿಂದ ಇಳಿದು ಬಂದರು. ಅವನು ಡಬ್ಬವನ್ನು ಅವಳ ಕೈಗಿಟ್ಟು, ಪರಿಚಯವೇ ಇಲ್ಲದವನ ಹಾಗೆ ಬೇರೆ ದಿಕ್ಕಿಗೆ ನಡೆದುಬಿಟ್ಟ.

ಹುಚ್ಚು ಹುಡುಗಿ! ಆ ಇಪ್ಪತ್ತೆರಡು ಪುಟ ಅವಳ ಚೀಲದಲ್ಲೇ ಇತ್ತು. ಪ್ರತಿ ಸಲ ಬಸ್ಸಿನಲ್ಲಿ ತೆಗೆಯುತ್ತಿದ್ದಳು, ಐದನೇ ಪುಟಕ್ಕೆ ಕಣ್ಣು ಎಳೆಯುತ್ತಿತ್ತು.

ಐದನೇ ಸಲ ಅವನು ಬೇಡ ಅಂದಾಗ ಅವಳಿಗೆ ಅಷ್ಟಾಗಿ ಬೇಜಾರಾಗಲಿಲ್ಲ. ಮತ್ತೊಮ್ಮೆ ಬರಬಹುದಲ್ಲ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಒಬ್ಬಳೇ ಕೆಂಪಾದಳು.

*

ಆರನೇ ಸಲ ಹೋದಾಗ ಗಡುವಿಗೆ ಉಳಿದಿದ್ದದ್ದು ಹತ್ತು ದಿನ.

“ಬೇಡ,” ಅಂದ. ಈ ಸಲ ಕಾರಣ? ಒಂದೇ ಒಂದು ಪದ. ಅರವತ್ತನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿದ್ದ ಒಂದು ಗುಹೆಯ ಹೆಸರು!

“ಒಂದು ಪದಕ್ಕಾ?” ಅವಳ ದನಿ ಒಡೆಯಿತು. “ನನ್ನ ಅಕ್ಕ ನಿನ್ನೆ ಲೋಟ ಹಿಡಿಯೋಕಾಗದೆ ಬೀಳಿಸಿದ್ಲು. ಅವಳ ಕೈಯಲ್ಲಿ ಶಕ್ತಿ ಇರೋವಾಗಲೇ ಈ ಪುಸ್ತಕ ಕೊಡ್ಬೇಕು ಅಂತ ನಾನು ಒದ್ದಾಡ್ತಿದ್ದೀನಿ. ನಿಮಗೆ ಅದು ಅರ್ಥ ಆಗುತ್ತಾ?”

ಅವನ ಮುಖ ಬಿಳಿಚಿತು. “ಅರ್ಥ ಆಗುತ್ತೆ ಮೇಡಂ. ಅದಕ್ಕೇ ಬೇಡ ಅಂತಿರೋದು.”

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತು! ಅವಳು ಒಂದು ಕ್ಷಣವೂ ನಿಲ್ಲಲಿಲ್ಲ.

ಮನೆಗೆ ಬಂದವಳೇ ಲೈಸೆನ್ಸ್ ತೆಗೆದಳು. ಓದಲು ಅಲ್ಲ, ಜಗಳಕ್ಕೆ ಕಾರಣ ಹುಡುಕಲು. ಅದನ್ನು ಹಿಂದಿನಿಂದ ತೆರೆದಳು. ಕೊನೆಯ ನಾಲ್ಕು ಪುಟಗಳಲ್ಲಿ ಹೊರಗಿನವರು ಬಳಸಬಹುದಾದ ಪದಗಳ ಪಟ್ಟಿ ಇತ್ತು. ಬೆರಳಿಟ್ಟು ನೋಡುತ್ತ ಹೋದಳು.

ಮೊದಲ ಸಲ ತೆಗೆಸಿದ ಮಂತ್ರದ ಹೆಸರು... ಬಳಸಬಹುದು!

ಐದು ಗುಣಗಳು... ಬಳಸಬಹುದು!

ಭೂತ, ಆಯುಧ, ನದಿ, ಆ ದರಿದ್ರ ಗುಹೆ... ಎಲ್ಲವೂ ಬಳಸಬಹುದು!!

ಅಂದರೆ? ಅಂದರೆ ಅವನು ಆರು ಸಲವೂ ಸುಳ್ಳು ಹೇಳಿದ್ದ. ಚಹಾ, ಕುರ್ಚಿ, ಮೆಟ್ಟಿಲು, ‘ಸ್ವಲ್ಪ ದೂರ ಹಿಡ್ಕೋತೀನಿ’... ಎಲ್ಲ ನಾಟಕ. ಬೇಕಂತಲೇ ತನ್ನನ್ನು ಅಲೆಸಿದ. ಅವಳಿಗೆ ಅಳು ಬರಲಿಲ್ಲ. ಅಳಲು ಕೂಡ ಶಕ್ತಿ ಬೇಕಲ್ಲ. ಕೂತು ಅವನ ಮೇಲಧಿಕಾರಿಗೆ ಒಂದು ದೂರು ಬರೆದಳು. ಆರು ತಿರಸ್ಕಾರ, ಪ್ರತಿಯೊಂದಕ್ಕೂ ಪುಟಸಂಖ್ಯೆ, ಪಟ್ಟಿಯ ಸಂಖ್ಯೆ. ಕರಡು ತಿದ್ದುವವಳ ದೂರು, ಒಂದು ಅಕ್ಷರ ತಪ್ಪಿರಲಿಲ್ಲ.

ಮೂರೇ ದಿನಕ್ಕೆ ಉತ್ತರ ಬಂತು. ‘ಆದ ತೊಂದರೆಗೆ ವಿಷಾದಿಸುತ್ತೇವೆ. ಸಂಬಂಧಪಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗಿದೆ. ನಿಮ್ಮ ಪುಸ್ತಕಕ್ಕೆ ಒಪ್ಪಿಗೆ ದೊರೆತಿದೆ. ಗುರುವಾರ ಹನ್ನೊಂದಕ್ಕೆ ಬಂದು ಸಹಿ ಮಾಡಿ.’

ಗೆದ್ದಳು. ಆದರೂ ಊಟ ಸೇರಲಿಲ್ಲ. ‘ಕ್ರಮ’ ಅಂದರೆ ಏನು ಕ್ರಮ?

*

ಗುರುವಾರ ಬೆಳಗ್ಗೆ ಗುಬ್ಬಿ ತಿದ್ದಿದ ಪ್ರತಿಯನ್ನು ಅಕ್ಕ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದಳು. ಪುಟ ತಿರುಗಿಸಲು ಎಡಗೈ, ಬಲಗೈ ಮಡಿಲಲ್ಲಿ.

“ಗುಬ್ಬಿ, ಇಲ್ಲಿ ಬಾ. ಇದರಲ್ಲಿ ಕಂಪನಿ ಎಲ್ಲಿದೆ?”

“ಏನಕ್ಕಾ?”

“ಮಂತ್ರದ ಹೆಸರು ನಿಂದು. ಗುಣಗಳ ಹೆಸರು ನಿಂದು. ಭೂತ, ನದಿ, ಏಟಿನ ಲೆಕ್ಕ, ಎಲ್ಲ ನೀನೇ ಹೊಸದಾಗಿ ಮಾಡಿದ್ದೀಯ. ಮೊದಲಿದ್ದದ್ದಕ್ಕಿಂತ ಚೆನ್ನಾಗೂ ಇದೆ. ಆ ಗುಹೆ ಹೆಸರೊಂದು ಬಿಟ್ರೆ ಇದರಲ್ಲಿ ಅವರದ್ದು ಒಂದು ಪದವೂ ಇಲ್ಲ. ಮತ್ತೆ ಅವರ ಮುದ್ರೆ ಯಾತಕ್ಕೆ?”

ಗುಬ್ಬಿ ಓಡಿ ತನ್ನ ಚೀಲ ತಂದಳು.

ಅವನು ಬೇಡ ಅಂದಾಗಲೆಲ್ಲ ಕಾರಣ ಬರೆದುಕೊಟ್ಟಿದ್ದ ಆರು ಕಾಗದಗಳನ್ನು ಸಾಲಾಗಿ ಮೇಜಿನ ಮೇಲೆ ಇಟ್ಟಳು. ಒಟ್ಟು ನಲವತ್ತಮೂರು ಕೆಂಪು ಗುರುತು. ಅಜ್ಜಿಯ ನಡಿಗೆಗೆ ಒಂದೂ ಇಲ್ಲ, ಅವಳ ಮಾತಿಗೆ ಒಂದೂ ಇಲ್ಲ, ಅಕ್ಕನ ಒಂದು ಗೆರೆಗೂ ಇಲ್ಲ. ಕಂಪನಿಯಿಂದ ಬಂದದ್ದನ್ನು ಮಾತ್ರ ಒಂದೊಂದಾಗಿ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ, ಅವನು ಆರಿಸಿ ತೆಗೆಸಿದ್ದ. ಕೊನೆಗೆ ಉಳಿದಿದ್ದ ಒಂದೇ ಒಂದು ಕಲ್ಲು ಆ ಗುಹೆ.

“ಲೈಸೆನ್ಸ್ ಎಲ್ಲಿ?” ಅಕ್ಕ ಕೈ ಚಾಚಿದಳು. “ಪೂರ್ತಿ ಓದಿದೀಯಾ?”

ಇದೇ ಪ್ರಶ್ನೆ! ಈಗ ಅದನ್ನು ಕೇಳಿದವಳು ಅಕ್ಕ. ಗುಬ್ಬಿ ಚೀಲಕ್ಕೆ ಕೈ ಹಾಕಿ ಆ ಇಪ್ಪತ್ತೆರಡು ಪುಟ ಹೊರತೆಗೆದಳು.

ಇಬ್ಬರೂ ಒಟ್ಟಿಗೆ ಓದಿದರು. ಹನ್ನೊಂದನೇ ಪುಟ, ಮೂರನೇ ಪ್ಯಾರಾ: ‘ಒಪ್ಪಿಗೆ ಪಡೆದು ಸಹಿಯಾದ ಪುಸ್ತಕದಲ್ಲಿನ ಎಲ್ಲ ಪಾತ್ರ, ಕಥೆ, ಚಿತ್ರಗಳನ್ನು ಕಂಪನಿಯು ಯಾವುದೇ ರೂಪದಲ್ಲಿ, ಎಂದೆಂದಿಗೂ, ಕರ್ತೃವನ್ನು ಕೇಳದೆ ಹಾಗೂ ಹೆಸರಿಸದೆ ಬಳಸಬಹುದು.’

ಹದಿಮೂರನೇ ಪುಟ: ‘ವಿಭಾಗದ ನೌಕರರು ಅರ್ಜಿದಾರರಿಗೆ ಸಲಹೆ ನೀಡಿದರೆ ಕೆಲಸದಿಂದ ತೆಗೆಯಲಾಗುವುದು.’

ಗುಬ್ಬಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವನು ಬಾಗಿಲಿಗೆ ಅಡ್ಡ ನಿಂತಿದ್ದ. ಆರು ಸಲ! ಅಜ್ಜಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಅಂತ ಅವನಿಗೊಬ್ಬನಿಗೆ ಗೊತ್ತಿತ್ತು. ಹೇಳಲಾರದೆ, ತನಗೆ ತಿಳಿದ ಒಂದೇ ಭಾಷೆಯಲ್ಲಿ ಹೇಳಿದ್ದ. ಅವಳು? ಅವನ ಮೇಲೆ ದೂರು ಬರೆದಳು. ಪುಟಸಂಖ್ಯೆ ಸಮೇತ!

“ಅಕ್ಕಾ, ನಾನು ಏನು ಮಾಡಿಬಿಟ್ಟೆ...”

ಅಕ್ಕ ನಡುಗುವ ಕೈಯನ್ನು ಅವಳ ತಲೆ ಮೇಲಿಟ್ಟಳು. “ಮೊದಲು ಹೋಗಿ ನನ್ನ ಮುಖ ವಾಪಸ್ ತಗೊಂಡು ಬಾ. ಆಮೇಲೆ ಸ್ಕೇಲನ್ನ ಹುಡುಕು.”

*

ಆ ಮೇಜಿನ ಹಿಂದೆ ಈಗ ಒಬ್ಬ ನಗುಮುಖದ ಹೆಂಗಸು ಕೂತಿದ್ದಳು. ಲಿಫ್ಟ್ ಕೂಡ ರಿಪೇರಿ ಆಗಿತ್ತು.

“ಬನ್ನಿ ಬನ್ನಿ! ನಿಮ್ಮ ಅಜ್ಜಿ ಅಂದ್ರೆ ನಮ್ಮ ಡಿಸೈನ್ ವಿಭಾಗದವರಿಗೆ ಪಂಚಪ್ರಾಣ. ನೋಡಿ, ಆಗಲೇ ಒಂದು ಮಾದರಿ ಮಾಡಿಬಿಟ್ಟಿದ್ದಾರೆ!” ಅಂತ ಒಂದು ಬಿಳಿ ಚಹಾ ಕಪ್ಪನ್ನು ಮುಂದಿಟ್ಟಳು.

ಕಪ್ಪಿನ ಮೇಲೆ ಅಕ್ಕನ ಮುಖ. ಮುಖದ ಸುಕ್ಕುಗಳನ್ನು ಅಳಿಸಿದ್ದರು. ದಣಿದ ಬಾಯಿಗೆ ಒಂದು ನಗು ಅಂಟಿಸಿದ್ದರು.

ಗುಬ್ಬಿ ಪೆನ್ನನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ತನ್ನ ಪ್ರತಿಯನ್ನು ಎತ್ತಿ ಎದೆಗೆ ಅವುಚಿಕೊಂಡಳು.

“ಅಜ್ಜಿ ಒಳಗೆ ಬರಲ್ಲ.”

“ಅಂದ್ರೆ?”

“ಅರ್ಜಿ ವಾಪಸ್ ತಗೋತಿದ್ದೀನಿ. ಸಹಿ ಆಗಿಲ್ಲ, ಆದ್ದರಿಂದ ಹನ್ನೊಂದನೇ ಪುಟ ನನಗೆ ಅನ್ವಯಿಸಲ್ಲ. ಈ ಚಹಾ ಕಪ್ ಮಾರಾಟಕ್ಕೆ ಬಂದ್ರೆ ನಾನು ಸುಮ್ಮನಿರಲ್ಲ. ಪೂರ್ತಿ ಓದಿದ್ದೀನಿ ಮೇಡಂ, ಇಪ್ಪತ್ತೆರಡೂ ಪುಟ.” ಕಡ್ಡಿ ಮುರಿದ ಹಾಗೆ ಹೇಳಿದಳು. “ಇಲ್ಲಿ ಮೊದಲು ಕೂರ್ತಿದ್ದವರು ಎಲ್ಲಿ?”

ಹೆಂಗಸಿನ ನಗು ಇಳಿಯಿತು. “ತೆಗೆದುಹಾಕಿದ್ರು. ಯಾರೋ ದೂರು ಕೊಟ್ಟಿದ್ರಂತೆ.” ಕಡತ ತಿರುವಿ ನೋಡಿದಳು. “ಓ... ನೀವೇ.”

ಪೆನ್ನಿನ ಡಬ್ಬದಲ್ಲಿ ಆ ಮರದ ಸ್ಕೇಲು ಹಾಗೇ ಇತ್ತು. ಗುಬ್ಬಿ ಅದನ್ನು ಎತ್ತಿಕೊಂಡಳು. ಕೇಳಲಿಲ್ಲ, ಹೇಳಲಿಲ್ಲ. ಕದ್ದಳು ಅಂತಲೇ ಇಟ್ಟುಕೊಳ್ಳಿ. ಲಿಫ್ಟ್ ಬಿಟ್ಟು ಐದು ಮಹಡಿ ಮೆಟ್ಟಿಲಿಳಿದು ಹೋದಳು.

*

ಗುಹೆಗೂ ಹೊಸ ಹೆಸರು ಬಂತು. ಪುಸ್ತಕ ಮುದ್ರೆಯಿಲ್ಲದೆ, ಕಂಪನಿಯ ಹೆಸರಿಲ್ಲದೆ, ತನ್ನದೇ ನಿಯಮಗಳೊಂದಿಗೆ ಅಚ್ಚಾಯಿತು. ಮೊದಲ ಪ್ರತಿ ಅಕ್ಕನ ಕೈಗೆ. ಅದನ್ನು ಹಿಡಿದಾಗ ಪುಟಗಳು ಪಟಪಟ ಅಂದವು. “ನೋಡೇ, ಅಜ್ಜಿ ತಾನೇ ನಡೀತಿದ್ದಾಳೆ,” ಅಂತ ಅಕ್ಕ ನಕ್ಕಳು. ಗುಬ್ಬಿ ಈ ಸಲ ನಲ್ಲಿ ಬಿಡಲಿಲ್ಲ, ಎದುರಿಗೇ ಅತ್ತಳು.

ದೊಡ್ಡ ಅಂಗಡಿಗಳವರು ಪುಸ್ತಕ ಮುಟ್ಟಲಿಲ್ಲ. “ಕಂಪನಿಯವರ ಸಹವಾಸ ನಮಗ್ಯಾಕಮ್ಮ” ಅಂದರು. ಒಂದು ಸಣ್ಣ ಆಟದ ಅಂಗಡಿಯ ಅಣ್ಣ ಮಾತ್ರ ಹತ್ತು ಪ್ರತಿ ಇಟ್ಟುಕೊಂಡ. ಹಿಂದಿನ ಕೋಣೆಯ ಮೇಜನ್ನು ಭಾನುವಾರ ಮಧ್ಯಾಹ್ನ ಅವಳಿಗೆ ಬಿಟ್ಟುಕೊಟ್ಟ. “ಆಡಿಸಿ ತೋರಿಸು, ತಾನಾಗೇ ಹೋಗುತ್ತೆ” ಅಂದ.

ಅವಳು ಅವನನ್ನು ಹುಡುಕಿದಳು. ಕಂಪನಿಯವರು ವಿಳಾಸ ಕೊಡಲಿಲ್ಲ. ಎರಡು ಸಂಜೆ ಆ ಕಟ್ಟಡದ ಎದುರು ಸುಮ್ಮನೆ ನಿಂತು ಬಂದಳು. ಹೆಸರು ಗೊತ್ತಿದ್ದರೂ ಊರಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು ಎಷ್ಟು ಕಷ್ಟ! ಮೂರು ತಿಂಗಳು ಕಳೆದವು. ಪ್ರೆಸ್ಸು, ಮನೆ, ಆಸ್ಪತ್ರೆ, ಭಾನುವಾರದ ಮೇಜು. ಸ್ಕೇಲು ಅವಳ ಪುಸ್ತಕದ ನಡುವೆ ಗುರುತಿಗೆ ಇರುತ್ತಿತ್ತು.

ಒಂದು ಭಾನುವಾರ. ಮೇಜಿನ ಸುತ್ತ ಅಕ್ಕ, ಅಂಗಡಿಯಣ್ಣ, ಇಬ್ಬರು ಕಾಲೇಜು ಹುಡುಗಿಯರು. ಅಕ್ಕನ ಸರದಿ. ಅವಳು ದಾಳವನ್ನು ಅಂಗೈಯಲ್ಲಿಟ್ಟರೆ ಸಾಕು, ಅದು ತಾನೇ ಕುಣಿಯುತ್ತಿತ್ತು. “ಈ ಕೈಗೆ ಹೇಳಿ ಮಾಡಿಸಿದ ಆಟ ಕಣ್ರೇ” ಅನ್ನುತ್ತಿದ್ದಳು.

“ಬಾಗಿಲಿಗೆ ಬೀಗ ಇಲ್ಲ ಅಕ್ಕಾ, ದಾಳ ಯಾಕೆ ಹಾಕ್ತೀಯ?” ಗುಬ್ಬಿ ತಡೆದಳು. “ಎಷ್ಟು ಸಲ ಹೇಳ್ಲಿ? ಅನುಮಾನ ಇದ್ದ ಕಡೆ ಮಾತ್ರ ದಾಳ.”

“ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ?”

ಆ ದನಿ!

ಬಾಗಿಲಲ್ಲಿ ಅವನು ನಿಂತಿದ್ದ. ಇನ್ನೂ ಸ್ವಲ್ಪ ಸೊರಗಿದ್ದ. ಕೈಯಲ್ಲಿ ಅವಳ ಪುಸ್ತಕ, ಮೊದಲ ಪುಟದ ಗುರುತಿಗೆ ಬೆರಳು. ಆ ಪುಟದಲ್ಲಿ ಏನಿತ್ತು ಅಂತ ನಾನು ನಿಮಗೆ ಹೇಳಿರಲಿಲ್ಲ. ‘ಬರೆದವಳು ತಂಗಿ. ಚಿತ್ರ ಬಿಡಿಸಿದವಳು ಅಕ್ಕ. ತಿದ್ದಿದವರು: ಆರು ಸಲ ಬೇಡ ಅಂದವರು. ಅವರಲ್ಲಿ ಕ್ಷಮೆ ಕೇಳುವುದು ಬಾಕಿ ಇದೆ.’

ಗುಬ್ಬಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ನಾನು... ನಿಮ್ಮ ಕೆಲಸ...” ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. “ನನ್ನಿಂದ ಹೋಯ್ತು. ಕ್ಷಮಿಸಿ.”

“ನಾನು ಬರೆದ ಕಾರಣಗಳು ಸುಳ್ಳೇ ಆಗಿದ್ವಲ್ಲ. ನಿಮ್ಮ ದೂರಿನಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ,” ಅಂದ. “ಈಗ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕ್ತೀನಿ. ಯಾರಿಗೂ ಬೇಡ ಅನ್ಬೇಕಾಗಿಲ್ಲ. ಚೆನ್ನಾಗಿ ನಿದ್ದೆ ಬರುತ್ತೆ.”

ಅವಳ ಒಳಗೆ ಮೂರು ತಿಂಗಳಿಂದ ಕುದಿಯುತ್ತಿದ್ದ ಪ್ರಶ್ನೆ ಈಗ ಹೊರಬಿತ್ತು. “ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಕ್ಯಾಮೆರಾ ಆಫೀಸಲ್ಲಿತ್ತು, ಬೀದೀಲಿ ಇರಲಿಲ್ವಲ್ಲ! ಒಂದು ಚೀಟಿ ಬರೆದು ಡಬ್ಬದಲ್ಲಿ ಹಾಕಿದ್ರೆ ಸಾಕಾಗಿತ್ತು!”

ಅವನು ತಲೆ ತಗ್ಗಿಸಿದ. “ಮೊದಲ ಮೂರು ಸಲ ಕೆಲಸ ಹೋಗುತ್ತೆ ಅಂತ ಹೆದರಿಕೆ. ಆಮೇಲೆ...”

“ಆಮೇಲೆ?”

“ಆಮೇಲೆ... ಹೇಳಿಬಿಟ್ರೆ ನೀವು ಮತ್ತೆ ಬರಲ್ಲ ಅಂತ ಹೆದರಿಕೆ.”

ಕಾಲೇಜು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

“ನೀವು ಒಬ್ಬ ದೊಡ್ಡ ದಡ್ಡ,” ಅಂದಳು ಗುಬ್ಬಿ, ಅಳುತ್ತಾ.

“ಹೌದು.”

“ನಾನೂ.”

“ಅದು ನನ್ನ ಸ್ಕೇಲು ಅಲ್ವಾ?” ಅವನು ಮೇಜಿನ ಮೇಲೆ ನೋಡಿ ಕೇಳಿದ.

“ಇನ್ನು ಇದು ನಂದು. ಕೊಡಲ್ಲ.”

ಅಕ್ಕನಿಗೆ ಸಾಕಾಗಿ ಹೋಯಿತು. “ರೀ ಸ್ಕೇಲಪ್ಪ, ಎಷ್ಟು ಹೊತ್ತು ನಿಂತಿರ್ತೀರಾ? ಕೂತ್ಕೊಳ್ಳಿ. ನಾವು ಗಣಿಯಲ್ಲಿ ದಾರಿ ತಪ್ಪಿ ಒಂದು ಗಂಟೆ ಆಯ್ತು, ಇವಳು ಕಥೆ ಬಿಟ್ಟು ಅಳ್ತಿದ್ದಾಳೆ!”

ಎಲ್ಲರೂ ನಕ್ಕರು. ಅವನು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಒಬ್ಬನೇ ದಾಳ ಹಾಕುತ್ತಿದ್ದ ಹುಡುಗ ಮೊದಲ ಸಲ ಒಂದು ಮೇಜಿಗೆ ಬಂದಿದ್ದ.

ಗುಬ್ಬಿ ಕಣ್ಣೊರೆಸಿಕೊಂಡು ಕಥೆ ಎತ್ತಿಕೊಂಡಳು. “ಕತ್ತಲು. ನೀರು ತೊಟ್ಟಿಕ್ಕೋ ಸದ್ದು. ತಿರುವಿನಲ್ಲಿ ಒಂದು ಬೆಳಕು ಕಾಣುತ್ತೆ. ಒಬ್ಬಳು ಅಜ್ಜಿ ನಿಂತಿದ್ದಾಳೆ. ನಡೆದು ನಡೆದು ಅವಳಿಗೆ ತುಂಬಾ ಸುಸ್ತಾಗಿದೆ.” ಇಲ್ಲಿ ಅವಳ ದನಿ ಸಣ್ಣದಾಯಿತು. “ತುಂಬಾ ಅಂದ್ರೆ ತುಂಬಾ. ಅವಳು ಹೊಸದಾಗಿ ಬಂದವನನ್ನ ನೋಡಿ ಕೇಳ್ತಾಳೆ... ಸ್ವಲ್ಪ ದೂರ ಹಿಡ್ಕೋತೀಯಾ?”

ಅವನು ಪುಸ್ತಕ ನೋಡಲಿಲ್ಲ. ಅವಳನ್ನೇ ನೋಡಿದ.

“ಕೊಡಿ. ಸ್ವಲ್ಪ ದೂರ ಅಲ್ಲ, ಪೂರ್ತಿ ದೂರ.”

“ಆ ಕೈಯಲ್ಲಿ ಮತ್ತೇನೂ ಹಿಡಿಯೋಕಾಗಲ್ಲ. ನಿಯಮ ಓದಿದೀರಾ?”

“ಪೂರ್ತಿ ಓದಿದೀನಿ.”

ಅವನು ದಾಳಕ್ಕೆ ಕೈ ಚಾಚಿದ. “ಇದಕ್ಕೆ ಎಷ್ಟು ಬೀಳ್ಬೇಕು?”

ಗುಬ್ಬಿ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ತೆಗೆಯಲಿಲ್ಲ.

“ದಾಳ ಬೇಡ,” ಅಂದಳು. “ನನಗೆ ಅನುಮಾನ ಇಲ್ಲ.”